ಗುಂಡಿನ ಗೀರು ಎಲ್ಲಿಯವರೆಗೆ ಕರೆದೊಯ್ಯುತ್ತದೆ?

ಕೊಲೆಯಾದ ಜಾಗದಲ್ಲಿ ಒಂದು ಗುಂಡು ಸಿಗುತ್ತದೆ. ಪ್ರಯೋಗಾಲಯದವರು ಅದನ್ನು ಪರೀಕ್ಷಿಸಿ ಇಂಥದ್ದೇ ಬಂದೂಕಿನಿಂದ ಹಾರಿದ್ದು ಎನ್ನುತ್ತಾರೆ. ಸರ್ಕಾರದ ದಾಖಲೆಯಲ್ಲಿ ಆ ಬಂದೂಕಿನ ಮಾಲೀಕನ ಹೆಸರಿರುತ್ತದೆ. ಪೊಲೀಸರು ಹೋಗಿ ಅವನನ್ನು ಹಿಡಿಯುತ್ತಾರೆ. ಬಂದೂಕು ನೋಂದಣಿ ಬೇಕು ಎನ್ನುವ ಬಹಳಷ್ಟು ಜನರ ಮನಸ್ಸಿನಲ್ಲಿರುವುದು ಈ ಚಿತ್ರವೇ. ಬೇಡ ಎನ್ನುವವರು ಪ್ರಶ್ನೆ ಎತ್ತುವುದೂ ಇದನ್ನೇ ಹಿಡಿದು: ಈ ರೀತಿ ಎಷ್ಟು ಕೊಲೆಗಾರರು ಸಿಕ್ಕಿಬಿದ್ದಿದ್ದಾರೆ, ಲೆಕ್ಕ ಕೊಡಿ ಎನ್ನುತ್ತಾರೆ.

ಗುಂಡು, ಬಂದೂಕು, ಮಾಲೀಕ ಎಂಬ ಮೂರು ಕೊಂಡಿಗಳ ಈ ಸರಪಳಿ ನೇರವಾಗಿ ಜೋಡಣೆಯಾಗುವುದು ಅಪರೂಪ. ಗುಂಡಿನ ಪರೀಕ್ಷೆಗೆ ಗೊತ್ತಿರುವುದು ಲೋಹದ ಮೇಲಿನ ಗುರುತು ಮಾತ್ರ. ನೋಂದಣಿಗೆ ಗೊತ್ತಿರುವುದು ಆ ಬಂದೂಕನ್ನು ಕಾನೂನುಬದ್ಧವಾಗಿ ಕೊನೆಗೆ ಇಟ್ಟುಕೊಂಡಿದ್ದವರು ಯಾರು ಎಂಬುದು. ಕುದುರೆ ಎಳೆದ ಬೆರಳು ಯಾರದೆಂದು ಎರಡಕ್ಕೂ ಗೊತ್ತಿಲ್ಲ. ಹಾಗಂತ ಎರಡೂ ನಿರುಪಯೋಗಿ ಅಲ್ಲ. ಅವುಗಳ ನಿಜವಾದ ಉಪಯೋಗ ನಾವು ಹುಡುಕುತ್ತಿರುವ ಜಾಗದಲ್ಲಿಲ್ಲ, ಬೇರೆ ಕಡೆ ಇದೆ. ಅದು ಎಲ್ಲಿದೆ ಎಂದು ತಿಳಿಯಬೇಕಾದರೆ ಬಂದೂಕಿನ ನಳಿಕೆಯಿಂದಲೇ ಶುರುಮಾಡಬೇಕು.

ನಳಿಕೆಯೊಳಗೆ ನಡೆಯುವುದು

ಪಿಸ್ತೂಲು, ರಿವಾಲ್ವರ್, ರೈಫಲ್‌ಗಳ ನಳಿಕೆಯ ಒಳಮೈ ನುಣುಪಾಗಿರುವುದಿಲ್ಲ. ಅದರ ಉದ್ದಕ್ಕೂ ಸುರುಳಿಯಾಕಾರದ ತೋಡುಗಳನ್ನು ಕೊರೆದಿರುತ್ತಾರೆ. ಗುಂಡಿನ ದಪ್ಪ ನಳಿಕೆಯ ರಂಧ್ರಕ್ಕಿಂತ ಒಂದು ಕೂದಲೆಳೆಯಷ್ಟು ಹೆಚ್ಚಿರುತ್ತದೆ. ಮದ್ದು ಉರಿದು ಅನಿಲದ ಒತ್ತಡ ಹಿಂದಿನಿಂದ ತಳ್ಳಿದಾಗ ಗುಂಡು ಆ ತೋಡುಗಳಿಗೆ ಕಚ್ಚಿಕೊಂಡು, ತಿರುಗುತ್ತಲೇ ಮುಂದೆ ಸಾಗುತ್ತದೆ. ಜೋರಾಗಿ ತಿರುಗುವ ಬುಗುರಿ ಬೀಳದೆ ನಿಲ್ಲುವ ಹಾಗೆ, ತಿರುಗುವ ಗುಂಡು ಗಾಳಿಯಲ್ಲಿ ಪಲ್ಟಿ ಹೊಡೆಯದೆ ನೇರ ಹೋಗುತ್ತದೆ. ಗುರಿ ತಪ್ಪದಿರಲಿ ಎಂದು ಮಾಡಿದ ಈ ಏರ್ಪಾಡೇ ಗುಂಡಿನ ಮೈಮೇಲೆ ಗುರುತು ಬಿಡುತ್ತದೆ.

ಈ ಗುರುತುಗಳಲ್ಲಿ ಎರಡು ಬಗೆ. ತೋಡುಗಳು ಎಷ್ಟು, ಅಗಲ ಎಷ್ಟು, ಸುರುಳಿ ಎಡಕ್ಕೋ ಬಲಕ್ಕೋ ಎಂಬುದನ್ನು ಬಂದೂಕು ತಯಾರಿಸುವ ಕಂಪನಿ ನಿರ್ಧರಿಸಿರುತ್ತದೆ. ಕೋಲ್ಟ್ ಕಂಪನಿಯ ಹಳೆಯ ರಿವಾಲ್ವರುಗಳಲ್ಲಿ ಆರು ತೋಡುಗಳು ಎಡಕ್ಕೆ ತಿರುಗಿದರೆ, ಸ್ಮಿತ್ ಅಂಡ್ ವೆಸನ್ ರಿವಾಲ್ವರುಗಳಲ್ಲಿ ಐದು ತೋಡುಗಳು ಬಲಕ್ಕೆ ತಿರುಗುತ್ತವೆ. ಇಷ್ಟು ನೋಡಿದರೆ ಯಾವ ಮಾದರಿಯ ಬಂದೂಕು ಎಂದು ಹೇಳಬಹುದು, ಆ ಮಾದರಿಯ ಸಾವಿರಾರು ಬಂದೂಕುಗಳಲ್ಲಿ ಇದೇ ಎಂದು ಹೇಳಲಾಗದು. ಎರಡನೆಯ ಬಗೆಯ ಗುರುತಿನ ಮೂಲ ತೋಡು ಕೊರೆಯುವ ಉಪಕರಣದ ಅಂಚು. ಅದು ಪ್ರತಿ ನಳಿಕೆ ಕೊರೆಯುವಾಗಲೂ ತುಸು ಸವೆಯುತ್ತದೆ, ಲೋಹದ ಚೂರು ಅದಕ್ಕೆ ಅಂಟಿಕೊಳ್ಳುತ್ತದೆ. ಹೀಗಾಗಿ ಒಂದರ ಹಿಂದೆ ಒಂದು ತಯಾರಾದ ಎರಡು ನಳಿಕೆಗಳ ಒಳಮೈ ಕೂಡ ಸೂಕ್ಷ್ಮವಾಗಿ ಬೇರೆಯಾಗಿರುತ್ತದೆ. ಮುಂದೆ ಬಳಕೆ, ತುಕ್ಕು, ಶುಚಿಗೊಳಿಸುವ ರೀತಿ ಇವೆಲ್ಲ ಆ ವ್ಯತ್ಯಾಸಕ್ಕೆ ಸೇರಿಕೊಳ್ಳುತ್ತವೆ. ಬಂದೂಕು ಗುರುತಿಸುವ ವಿದ್ಯೆ ನಿಂತಿರುವುದು ಈ ನಂಬಿಕೆಯ ಮೇಲೆ.

ಗುಂಡಿಗಿಂತ ಹೆಚ್ಚು ಮಾತಾಡುವುದು ಖಾಲಿ ಕೇಸ್, ಅಂದರೆ ಗುಂಡು ಹಾರಿದ ಮೇಲೆ ಉಳಿಯುವ ತೋಟಾದ ಹೊರಕವಚ. ಗುಂಡು ಮೂಳೆಗೋ ಗೋಡೆಗೋ ಬಡಿದು ಅಪ್ಪಚ್ಚಿಯಾಗಬಹುದು, ಚೂರಾಗಬಹುದು. ಆಟೋಮ್ಯಾಟಿಕ್ ಪಿಸ್ತೂಲು ಹೊರಗೆಸೆಯುವ ಹಿತ್ತಾಳೆಯ ಖಾಲಿ ಕೇಸ್ ಸಾಮಾನ್ಯವಾಗಿ ಹಾಗೇ ನೆಲದ ಮೇಲೆ ಬಿದ್ದಿರುತ್ತದೆ. ಅದರ ತಳದಲ್ಲಿ ಮದ್ದು ಹೊತ್ತಿಸುವ ಫೈರಿಂಗ್ ಪಿನ್ ಎಂಬ ಮೊಳೆ ಕುಟ್ಟಿದ ಗುಳಿ ಇರುತ್ತದೆ. ಸ್ಫೋಟದ ಒತ್ತಡಕ್ಕೆ ಕೇಸ್ ಹಿಂದಕ್ಕೆ ಚಿಮ್ಮಿ ಉಕ್ಕಿನ ಮೇಲ್ಮೈಗೆ ಅಪ್ಪಳಿಸುವುದರಿಂದ ಆ ಮೇಲ್ಮೈಯ ಅಚ್ಚು ತಳದಲ್ಲಿ ಮೂಡುತ್ತದೆ. ಕೇಸನ್ನು ಹಿಡಿದೆಳೆಯುವ ಕೊಕ್ಕೆಯದೂ ಹೊರಗೆಸೆಯುವ ಭಾಗದ್ದೂ ಗೀರುಗಳಿರುತ್ತವೆ. ರಿವಾಲ್ವರಿನಲ್ಲಿ ಈ ಅನುಕೂಲವಿಲ್ಲ, ಖಾಲಿ ಕೇಸ್‌ಗಳು ಚಕ್ರದೊಳಗೇ ಉಳಿದು ಗುಂಡು ಹಾರಿಸಿದವನ ಜೊತೆಗೇ ಹೋಗುತ್ತವೆ. ಚರೆ ಹಾರಿಸುವ ಬಂದೂಕಿನ ನಳಿಕೆ ನುಣುಪು, ಚರೆಗಳ ಮೇಲೆ ಅದರ ಗೀರು ಬೀಳುವುದಿಲ್ಲ. ಅಲ್ಲಿ ಖಾಲಿ ತೋಟಾ ಸಿಕ್ಕರೆ ಮಾತ್ರ ಹೋಲಿಸಲು ಏನಾದರೂ ಇರುತ್ತದೆ.

ಹೋಲಿಕೆ ನಡೆಯುವುದು ಹೀಗೆ. ಅನುಮಾನದ ಬಂದೂಕು ಕೈಗೆ ಸಿಕ್ಕಿದ್ದರೆ ತಜ್ಞರು ಅದರಿಂದ ನೀರು ತುಂಬಿದ ಉದ್ದನೆಯ ತೊಟ್ಟಿಯೊಳಕ್ಕೆ ಗುಂಡು ಹಾರಿಸುತ್ತಾರೆ. ನೀರು ವೇಗವನ್ನು ನುಂಗಿಕೊಳ್ಳುವುದರಿಂದ ಗುಂಡು ಆಕಾರ ಕೆಡದೆ ತಳ ಸೇರುತ್ತದೆ. ಆಮೇಲೆ ಸ್ಥಳದಲ್ಲಿ ಸಿಕ್ಕ ಗುಂಡನ್ನೂ ಈ ಪರೀಕ್ಷೆಯ ಗುಂಡನ್ನೂ ಹೋಲಿಕೆ ಸೂಕ್ಷ್ಮದರ್ಶಕದ ಎರಡು ಪೀಠಗಳ ಮೇಲೆ ಇಡುತ್ತಾರೆ. ಎರಡು ಸೂಕ್ಷ್ಮದರ್ಶಕಗಳನ್ನು ಒಂದೇ ಕಣ್ಣುಮಸೂರಕ್ಕೆ ಬೆಸೆದ ಯಂತ್ರವದು. ನೋಟದ ನಡುವೆ ಒಂದು ಗೆರೆ, ಎಡಗಡೆ ಒಂದು ಗುಂಡು, ಬಲಗಡೆ ಇನ್ನೊಂದು. ಬೆಳಕನ್ನು ಓರೆಯಾಗಿ ಬಿಟ್ಟು, ಒಂದನ್ನು ನಿಲ್ಲಿಸಿಕೊಂಡು ಇನ್ನೊಂದನ್ನು ಎಳ್ಳಷ್ಟೆಳ್ಳಷ್ಟೇ ತಿರುಗಿಸುತ್ತಾ ಹೋಗುತ್ತಾರೆ. ಒಂದು ಹಂತದಲ್ಲಿ ಎಡಗಡೆಯ ಗೀರುಗಳು ನಡುಗೆರೆ ದಾಟಿ ಬಲಗಡೆಯ ಗೀರುಗಳಾಗಿ ಮುಂದುವರಿದಂತೆ ಕಂಡರೆ, ಎಷ್ಟು ಗೀರುಗಳು ಕೂಡುತ್ತವೆ, ಎಷ್ಟು ಕೂಡುವುದಿಲ್ಲ ಎಂದು ನೋಡುತ್ತಾರೆ. ಎಷ್ಟು ಕೂಡಿದರೆ ಸಾಕು? ಅದಕ್ಕೆ ಎಲ್ಲರೂ ಒಪ್ಪಿದ ಸಂಖ್ಯೆ ಇಲ್ಲ. ತಜ್ಞರ ತರಬೇತಿ, ಅನುಭವ, ಕಣ್ಣು ಸೇರಿ ಕೊಡುವ ತೀರ್ಮಾನವದು.

ಸುಳ್ಳು ತಜ್ಞ, ನಿಜ ತಜ್ಞ

ಆ ತೀರ್ಮಾನ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಈ ವಿದ್ಯೆಯ ಹುಟ್ಟೇ ಸಾಕ್ಷಿ. 1915ರಲ್ಲಿ ನ್ಯೂಯಾರ್ಕ್ ರಾಜ್ಯದ ಹಳ್ಳಿಯೊಂದರಲ್ಲಿ ಒಬ್ಬ ಜಮೀನುದಾರ ಮತ್ತು ಅವನ ಮನೆಗೆಲಸದಾಕೆ ಗುಂಡೇಟಿಗೆ ಬಲಿಯಾದರು. ಆರೋಪ ಹೊತ್ತವನು ಅದೇ ಜಮೀನಿನಲ್ಲಿ ದುಡಿಯುತ್ತಿದ್ದ ಚಾರ್ಲ್ಸ್ ಸ್ಟೀಲೋ ಎಂಬ ಬಡವ. ಆಲ್ಬರ್ಟ್ ಹ್ಯಾಮಿಲ್ಟನ್ ಎಂಬ ಸ್ವಯಂಘೋಷಿತ ತಜ್ಞ ನ್ಯಾಯಾಲಯದಲ್ಲಿ ನಿಂತು, ಸ್ಟೀಲೋನ ರಿವಾಲ್ವರಿನ ಗೀರುಗಳಿಗೂ ಶವಗಳಲ್ಲಿ ಸಿಕ್ಕ ಗುಂಡುಗಳಿಗೂ ತಾಳೆಯಾಗುತ್ತದೆ ಎಂದ. ಆ ಗೀರುಗಳು ಬೇರೆ ಯಾರಿಗೂ ಕಾಣಲಿಲ್ಲ. ಆದರೂ ನ್ಯಾಯಾಲಯ ಸ್ಟೀಲೋಗೆ ಮರಣದಂಡನೆ ವಿಧಿಸಿತು. ನಂತರ ರಾಜ್ಯಪಾಲರ ಆದೇಶದ ಮೇಲೆ ನಡೆದ ಮರುತನಿಖೆಯಲ್ಲಿ, ಆ ಗುಂಡುಗಳು ಸ್ಟೀಲೋನ ರಿವಾಲ್ವರಿನಿಂದ ಬಂದಿರುವುದು ಸಾಧ್ಯವೇ ಇಲ್ಲ ಎಂದು ತಿಳಿಯಿತು. 1918ರಲ್ಲಿ ಅವನ ಬಿಡುಗಡೆಯಾಯಿತು.

ಆ ಮರುತನಿಖೆಯಲ್ಲಿದ್ದ ಚಾರ್ಲ್ಸ್ ವೇಟ್ ಅಲ್ಲಿಗೇ ನಿಲ್ಲಲಿಲ್ಲ. ಯಾವ ಕಂಪನಿ ಯಾವ ಬಂದೂಕಿಗೆ ಎಂಥ ತೋಡು ಕೊರೆಯುತ್ತದೆ ಎಂದು ಕಾರ್ಖಾನೆಗಳಿಂದ ಮಾಹಿತಿ ಕೂಡಿಸುತ್ತಾ ಹೋದ. 1925ರ ಹೊತ್ತಿಗೆ ಅವನ ಜೊತೆ ಫಿಲಿಪ್ ಗ್ರಾವೆಲ್, ಜಾನ್ ಫಿಶರ್, ಸೇನಾ ವೈದ್ಯ ಕ್ಯಾಲ್ವಿನ್ ಗೊಡಾರ್ಡ್ ಸೇರಿ ನ್ಯೂಯಾರ್ಕಿನಲ್ಲಿ ಒಂದು ಸಂಸ್ಥೆ ಕಟ್ಟಿದರು. ಹೋಲಿಕೆ ಸೂಕ್ಷ್ಮದರ್ಶಕವನ್ನು ಗುಂಡುಗಳಿಗೆ ಒಗ್ಗಿಸಿದವನು ಗ್ರಾವೆಲ್.

ಗೊಡಾರ್ಡ್‌ಗೆ ಹೆಸರು ತಂದುಕೊಟ್ಟದ್ದು 1929ರ ಫೆಬ್ರವರಿ 14ರ ಶಿಕಾಗೋ ಹತ್ಯಾಕಾಂಡ. ಗ್ಯಾರೇಜೊಂದರಲ್ಲಿ ಏಳು ಜನರನ್ನು ಗೋಡೆಗೆ ನಿಲ್ಲಿಸಿ ಗುಂಡಿಕ್ಕಲಾಗಿತ್ತು. ಹಂತಕರಲ್ಲಿ ಕೆಲವರು ಪೊಲೀಸ್ ಸಮವಸ್ತ್ರದಲ್ಲಿದ್ದುದರಿಂದ ಪೊಲೀಸರೇ ಕೊಂದರೆಂಬ ಗುಮಾನಿ ಹಬ್ಬಿತು. ಗೊಡಾರ್ಡ್ ಪೊಲೀಸರ ಬಳಿಯಿದ್ದ, ಹಂತಕರು ಬಳಸಿದ ಬಗೆಯದೇ ಆದ ಥಾಂಪ್ಸನ್ ಗನ್‌ಗಳಿಂದ ಗುಂಡು ಹಾರಿಸಿ ನೋಡಿದ, ಯಾವುದೂ ತಾಳೆಯಾಗಲಿಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ ಮಿಷಿಗನ್ ರಾಜ್ಯದ ಫ್ರೆಡ್ ಬರ್ಕ್ ಎಂಬ ಪಾತಕಿಯ ಮನೆಯಲ್ಲಿ ಎರಡು ಥಾಂಪ್ಸನ್ ಗನ್‌ಗಳು ಸಿಕ್ಕವು. ಗ್ಯಾರೇಜಿನಲ್ಲಿ ಹಾರಿದ ಗುಂಡುಗಳು ಅವುಗಳವೇ ಎಂದು ಗೊಡಾರ್ಡ್ ತೋರಿಸಿದ. ಈ ಪ್ರಕರಣವನ್ನು ಗುಂಡಿನ ಪರೀಕ್ಷೆಯ ದೊಡ್ಡ ಗೆಲುವು ಎಂದು ಹೇಳುವುದು ವಾಡಿಕೆ, ಗೆಲುವು ಹೌದು ಕೂಡ. ಆದರೆ ಆ ಏಳು ಕೊಲೆಗಳಿಗೆ ಯಾರಿಗೂ ಶಿಕ್ಷೆಯಾಗಲಿಲ್ಲ. ಬರ್ಕ್ ಜೈಲಿಗೆ ಹೋದದ್ದು ಮಿಷಿಗನ್‌ನಲ್ಲಿ ಒಬ್ಬ ಪೊಲೀಸನನ್ನು ಕೊಂದದ್ದಕ್ಕೆ. ಬಂದೂಕು ಯಾವುದೆಂದು ಗೊತ್ತಾಯಿತು, ಅವತ್ತು ಅದನ್ನು ಹಿಡಿದವರು ಯಾರೆಂಬುದು ಸಾಬೀತಾಗಲಿಲ್ಲ.

ತಜ್ಞರ ಮಾತಿಗೆ ಎಷ್ಟು ತೂಕ?

ದಶಕಗಟ್ಟಲೆ ತಜ್ಞರು ನ್ಯಾಯಾಲಯಗಳಲ್ಲಿ "ಜಗತ್ತಿನ ಬೇರೆ ಯಾವ ಬಂದೂಕಿನಿಂದಲೂ ಇದು ಬಂದಿರಲಾರದು" ಎಂಬ ಧಾಟಿಯಲ್ಲಿ ಸಾಕ್ಷಿ ಹೇಳುತ್ತಾ ಬಂದರು. ಅಷ್ಟು ಗಟ್ಟಿಯಾಗಿ ಹೇಳುವುದಕ್ಕೆ ಆಧಾರವೇನು ಎಂದು ವಿಜ್ಞಾನಿಗಳು ಜೋರಾಗಿ ಕೇಳಲು ಶುರುಮಾಡಿದ್ದು ಈಚೆಗೆ. 2008ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯ ವರದಿ, ಪ್ರತಿ ಬಂದೂಕಿನ ಗುರುತು ಅನನ್ಯ, ಅದು ಪ್ರತಿ ಸಲವೂ ಹಾಗೆಯೇ ಮೂಡುತ್ತದೆ ಎಂಬ ಎರಡು ಮೂಲ ಊಹೆಗಳು ಪೂರ್ತಿಯಾಗಿ ಸಾಬೀತಾಗಿಲ್ಲ ಎಂದಿತು. 2016ರಲ್ಲಿ ಅಮೆರಿಕ ಅಧ್ಯಕ್ಷರ ವಿಜ್ಞಾನ ಸಲಹಾ ಮಂಡಳಿ ಇನ್ನೂ ಬಿಗಿಯಾದ ಪ್ರಶ್ನೆ ಕೇಳಿತು: ಉತ್ತರ ಮೊದಲೇ ಗೊತ್ತಿರುವ ಮಾದರಿಗಳನ್ನು ಕೊಟ್ಟು ತಜ್ಞರನ್ನು ಸರಿಯಾಗಿ ಪರೀಕ್ಷಿಸಿದ ಅಧ್ಯಯನಗಳು ಎಷ್ಟಿವೆ? ಅವರ ಮಾನದಂಡಕ್ಕೆ ನಿಂತದ್ದು ಆಗ ಒಂದೇ ಒಂದು. ಅದರಲ್ಲಿ ಬೇರೆ ಬೇರೆ ಬಂದೂಕಿನ ಮಾದರಿಗಳನ್ನು ಒಂದೇ ಬಂದೂಕಿನವು ಎಂದು ತಪ್ಪಾಗಿ ಹೇಳಿದ ಪ್ರಮಾಣ ಸುಮಾರು 66ಕ್ಕೆ 1 ಎಂದು ಮಂಡಳಿ ಲೆಕ್ಕಹಾಕಿತು, 46ಕ್ಕೆ 1ರವರೆಗೂ ಇರಬಹುದು ಎಂದಿತು.

66ಕ್ಕೆ 1 ಎಂಬ ಲೆಕ್ಕದ ಒಳಗೆ ಇನ್ನೊಂದು ಗಂಟಿದೆ. ತಜ್ಞರು "ಹೌದು", "ಅಲ್ಲ" ಎಂಬ ಎರಡು ಉತ್ತರಗಳಲ್ಲದೆ "ನಿರ್ಧರಿಸಲಾಗದು" ಎಂದೂ ಹೇಳಬಹುದು. ಪರೀಕ್ಷೆಗಳಲ್ಲಿ ಈ ಮೂರನೆಯ ಉತ್ತರ ಬಹಳ ಸಲ ಬರುತ್ತದೆ. ಅದನ್ನು ಲೆಕ್ಕದಿಂದ ಬಿಟ್ಟರೆ ತಪ್ಪಿನ ಪ್ರಮಾಣ ಒಂದು, ಎಲ್ಲವನ್ನೂ ಸರಿ ಎಂದು ಸೇರಿಸಿದರೆ ಇನ್ನೊಂದು, ತಪ್ಪಿನ ಪಟ್ಟಿಗೆ ಹಾಕಿದರೆ ಮತ್ತೊಂದು. ಈ ಜಗಳ ಇನ್ನೂ ಮುಗಿದಿಲ್ಲ. ಇದು ಒಣ ಅಂಕಿಸಂಖ್ಯೆಯ ಚರ್ಚೆಯಲ್ಲ, ಕಟಕಟೆಯಲ್ಲಿ ನಿಂತವರ ಬದುಕು ಈ ಲೆಕ್ಕದ ಮೇಲಿದೆ. 2023ರಲ್ಲಿ ಮೇರಿಲ್ಯಾಂಡ್ ರಾಜ್ಯದ ಸುಪ್ರೀಂ ಕೋರ್ಟ್, ಗುಂಡುಗಳು ಆ ನಿರ್ದಿಷ್ಟ ಬಂದೂಕಿನಿಂದಲೇ ಹಾರಿದವು ಎಂದು ತಜ್ಞರು ಯಾವ ಷರತ್ತೂ ಇಲ್ಲದೆ ಹೇಳಲು ಬಿಟ್ಟದ್ದು ತಪ್ಪು ಎಂದು ತೀರ್ಪು ಕೊಟ್ಟಿತು. ನನಗೆ ಇದು ಸರಿಯಾದ ದಾರಿ ಎನಿಸುತ್ತದೆ. ಗೀರುಗಳು ಹೊಂದುತ್ತವೆ, ಈ ಮಾದರಿಯ ಬಂದೂಕಿಗೆ ತಾಳೆಯಾಗುತ್ತವೆ ಎಂದು ಹೇಳಿದರೂ ಸಾಕ್ಷ್ಯಕ್ಕೆ ಬೆಲೆ ಇದ್ದೇ ಇದೆ. ಇಲ್ಲದ ಖಚಿತತೆಯನ್ನು ಅದರ ಮೇಲೆ ಹೇರಿದಾಗಲೇ ಸ್ಟೀಲೋನಂಥವರು ಸಾವಿನ ಅಂಚಿಗೆ ಹೋಗುವುದು.

ಪೂರ್ತಿ ಬಿದ್ದುಹೋದ ಪರೀಕ್ಷೆಯೂ ಒಂದಿದೆ. ಗುಂಡಿನ ಸೀಸದಲ್ಲಿರುವ ಬೇರೆ ಧಾತುಗಳ ಪ್ರಮಾಣ ಅಳೆದು, ಸ್ಥಳದಲ್ಲಿ ಸಿಕ್ಕ ಗುಂಡು ಆರೋಪಿಯ ಪೆಟ್ಟಿಗೆಯ ಗುಂಡುಗಳ ಜೊತೆಯದೇ ಎಂದು ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ದಶಕಗಳ ಕಾಲ ಸಾಕ್ಷಿ ಹೇಳುತ್ತಿತ್ತು. ಒಂದೇ ಸೀಸದ ಎರಕದಿಂದ ಲಕ್ಷಗಟ್ಟಲೆ ಗುಂಡುಗಳು ತಯಾರಾಗಿ ಎಲ್ಲೆಲ್ಲಿಗೋ ಹೋಗಿರುತ್ತವೆ, ಆದ್ದರಿಂದ ಆ ಮಾತಿಗೆ ಅರ್ಥವಿಲ್ಲ ಎಂದು ವಿಜ್ಞಾನಿಗಳು ತೋರಿಸಿದ ಮೇಲೆ 2005ರಲ್ಲಿ ಅದನ್ನು ಕೈಬಿಟ್ಟಿತು.

ಮಾರುವ ಮೊದಲೇ ಗುರುತು ಹಿಡಿದಿಟ್ಟರೆ?

ಗುಂಡಿನ ಪರೀಕ್ಷೆ ಮತ್ತು ನೋಂದಣಿ ನಿಜವಾಗಿ ಒಂದಕ್ಕೊಂದು ಕೂಡಿದ್ದು ಒಂದು ಆಕರ್ಷಕ ಯೋಜನೆಯಲ್ಲಿ. ಹೊಸ ಬಂದೂಕು ಮಾರಾಟವಾಗುವ ಮುನ್ನವೇ ಅದರಿಂದ ಗುಂಡು ಹಾರಿಸಿ, ಖಾಲಿ ಕೇಸಿನ ಚಿತ್ರವನ್ನು ಕಂಪ್ಯೂಟರಿಗೆ ಸೇರಿಸಿಟ್ಟರೆ, ಮುಂದೊಂದು ದಿನ ಅಪರಾಧದ ಸ್ಥಳದಲ್ಲಿ ಕೇಸ್ ಸಿಕ್ಕಾಗ ಬಂದೂಕೇ ಕೈಯಲ್ಲಿಲ್ಲದಿದ್ದರೂ ಯಾರಿಗೆ ಮಾರಿದ್ದು ಎಂದು ಗೊತ್ತಾಗುತ್ತದೆ. ಮೇರಿಲ್ಯಾಂಡ್ 2000ದಲ್ಲಿ ಈ ಕಾನೂನು ಮಾಡಿತು. ನ್ಯೂಯಾರ್ಕ್ 2001ರಲ್ಲಿ ತನ್ನದನ್ನು ಶುರುಮಾಡಿತು.

ಎರಡೂ ಮುಚ್ಚಿಹೋದವು. ನ್ಯೂಯಾರ್ಕ್ 2012ರಲ್ಲಿ ನಿಲ್ಲಿಸಿತು. ಮೇರಿಲ್ಯಾಂಡಿನ ಉಗ್ರಾಣದಲ್ಲಿ 3 ಲಕ್ಷಕ್ಕೂ ಹೆಚ್ಚು ಖಾಲಿ ಕೇಸ್‌ಗಳು ಲಕೋಟೆಗಳಲ್ಲಿ ಸೇರಿದ್ದವು, ಸುಮಾರು 50 ಲಕ್ಷ ಡಾಲರ್ ಖರ್ಚಾಗಿತ್ತು. ಅವು ತನಿಖೆಗೆ ಹೊಸ ದಾರಿ ತೋರಿಸಿದ್ದು ಇಲ್ಲವೆನ್ನುವಷ್ಟು ಕಡಿಮೆ. 2015ರಲ್ಲಿ ಶಾಸನಸಭೆ ಕಾನೂನನ್ನೇ ತೆಗೆದುಹಾಕಿತು.

ಏಕೆ ಹೀಗಾಯಿತು ಎಂಬ ಸುಳಿವು 2001ರಲ್ಲೇ ಕ್ಯಾಲಿಫೋರ್ನಿಯಾ ನ್ಯಾಯ ಇಲಾಖೆ ನಡೆಸಿದ ಪ್ರಯೋಗದಲ್ಲಿತ್ತು. ಒಂದೇ ಮಾದರಿಯ 792 ಪಿಸ್ತೂಲುಗಳ ಖಾಲಿ ಕೇಸ್‌ಗಳನ್ನು ಕಂಪ್ಯೂಟರಿಗೆ ಸೇರಿಸಿ, ಅವುಗಳಲ್ಲೇ ಕೆಲವು ಪಿಸ್ತೂಲುಗಳಿಂದ ಮತ್ತೆ ಹಾರಿಸಿದ ಕೇಸ್ ಕೊಟ್ಟು ಹುಡುಕಿಸಿದರು. ಒಂದೇ ಕಂಪನಿಯ ತೋಟಾ ಬಳಸಿದಾಗಲೂ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಸಲ ಸರಿಯಾದ ಪಿಸ್ತೂಲು ಕಂಪ್ಯೂಟರ್ ಕೊಟ್ಟ ಮೊದಲ 15 ಹೆಸರುಗಳಲ್ಲಿ ಇರಲಿಲ್ಲ. ತೋಟಾದ ಕಂಪನಿ ಬದಲಾದಾಗ ಅರ್ಧಕ್ಕಿಂತ ಹೆಚ್ಚು ಸಲ ತಪ್ಪಿಹೋಯಿತು. ಏಕೆಂದರೆ ಪ್ರತಿ ಕಂಪನಿಯ ಕೇಸಿನ ತಳದ ಲೋಹ ಒಂದೊಂದು ಗಡುಸು, ಅಚ್ಚು ಮೂಡುವ ರೀತಿ ಬೇರೆ. ಬರೀ 792ರಲ್ಲಿ ಈ ಪಾಡಾದರೆ ಲಕ್ಷಗಳಲ್ಲಿ? ಒಂದೇ ಯಂತ್ರದಿಂದ ಬಂದ, ಒಂದರಂತೆ ಒಂದು ಕಾಣುವ ಗುರುತುಗಳು ರಾಶಿ ಬಿದ್ದಷ್ಟೂ ಹುಸಿ ಹೋಲಿಕೆಗಳು ಹೆಚ್ಚುತ್ತವೆ. ಜೊತೆಗೆ ಹೊಸ ಬಂದೂಕು ಅಪರಾಧಿಯ ಕೈ ಸೇರುವ ಹೊತ್ತಿಗೆ ವರ್ಷಗಳು ಕಳೆದು, ಸವೆದು, ಗುರುತೇ ಬದಲಾಗಿರಬಹುದು. ಇವನ್ನೆಲ್ಲ ನೋಡಿಯೇ 2008ರ ವರದಿ, ದೇಶದಲ್ಲಿ ಮಾರುವ ಎಲ್ಲ ಹೊಸ ಬಂದೂಕುಗಳ ಇಂಥ ಸಂಗ್ರಹ ಬೇಡ ಎಂದದ್ದು.

ಇದೇ ಯಂತ್ರ, ಇದೇ ಚಿತ್ರಗಳು ಇನ್ನೊಂದು ಕೆಲಸಕ್ಕೆ ಬಹಳ ಚೆನ್ನಾಗಿ ಒದಗುತ್ತವೆ. ಅಮೆರಿಕದ ಬಂದೂಕು ನಿಯಂತ್ರಣ ಸಂಸ್ಥೆ ಎಟಿಎಫ್ ನಡೆಸುವ ನಿಬಿನ್ ಎಂಬ ಜಾಲದಲ್ಲಿ ಮಾರಾಟವಾದ ಬಂದೂಕುಗಳ ಗುರುತಿಲ್ಲ. ಅಪರಾಧದ ಸ್ಥಳಗಳಲ್ಲಿ ಸಿಕ್ಕ ಖಾಲಿ ಕೇಸ್‌ಗಳೂ ಪೊಲೀಸರು ವಶಪಡಿಸಿಕೊಂಡ ಬಂದೂಕುಗಳಿಂದ ಹಾರಿಸಿದ ಕೇಸ್‌ಗಳೂ ಅದರಲ್ಲಿವೆ. ಒಂದು ಬಡಾವಣೆಯಲ್ಲಿ ಗಾಳಿಯಲ್ಲಿ ಗುಂಡು ಹಾರಿಸಿದ ಘಟನೆ, ಇನ್ನೊಂದರಲ್ಲಿ ದರೋಡೆ, ತಿಂಗಳ ನಂತರ ಊರಾಚೆ ಕೊಲೆ. ಮೂರಕ್ಕೂ ಮೂರು ಬೇರೆ ತನಿಖಾಧಿಕಾರಿಗಳು. ಮೂರು ಕಡೆ ಬಿದ್ದ ಕೇಸ್‌ಗಳು ಒಂದೇ ಬಂದೂಕಿನವಿರಬಹುದು ಎಂದು ಕಂಪ್ಯೂಟರ್ ತೋರಿಸಿ ತಜ್ಞರು ಸೂಕ್ಷ್ಮದರ್ಶಕದಲ್ಲಿ ಖಾತ್ರಿಮಾಡಿದರೆ, ಒಂದು ಪ್ರಕರಣದ ಸಾಕ್ಷಿ, ಇನ್ನೊಂದರ ಸಿಸಿಟಿವಿ, ಮತ್ತೊಂದರ ಫೋನ್ ದಾಖಲೆ ಒಟ್ಟಿಗೆ ಬರುತ್ತವೆ. ಅಪರಾಧಕ್ಕೆ ಬಳಕೆಯಾಗುವ ಬಂದೂಕುಗಳ ಸಂಖ್ಯೆ ಮಾರಾಟವಾದವುಗಳ ಒಂದು ಸಣ್ಣ ಪಾಲು, ಅವೇ ಮತ್ತೆ ಮತ್ತೆ ಬಳಕೆಯಾಗುತ್ತವೆ. ಹುಡುಕಬೇಕಾದ ರಾಶಿ ಚಿಕ್ಕದು, ಸಿಗುವ ಸಾಧ್ಯತೆ ದೊಡ್ಡದು. ಗುಂಡಿನ ಪರೀಕ್ಷೆಯ ಶಕ್ತಿ ಇರುವುದು ಅಪರಾಧದಿಂದ ಅಪರಾಧಕ್ಕೆ ಕೊಂಡಿ ಹಾಕುವುದರಲ್ಲಿ.

2002ರ ಅಕ್ಟೋಬರಿನಲ್ಲಿ ವಾಷಿಂಗ್ಟನ್ ಸುತ್ತಮುತ್ತ ಅಡಗಿ ಕೂತು ಗುಂಡು ಹಾರಿಸುತ್ತಿದ್ದ ಇಬ್ಬರು 10 ಜನರನ್ನು ಕೊಂದರು. ಈ ಹತ್ಯೆಗಳಲ್ಲಿ ಹೆಚ್ಚಿನವು ಒಂದೇ ರೈಫಲಿನವು ಎಂದು ತೋರಿಸಿದ್ದು ಗುಂಡಿನ ಪರೀಕ್ಷೆ. ಹಂತಕರ ಹೆಸರು ತಿಳಿಯಲು ದಾರಿ ಮಾಡಿದ್ದು ಒಂದು ಫೋನ್ ಕರೆ ಮತ್ತು ಅಲಬಾಮಾದ ಹಿಂದಿನ ಗುಂಡಿನ ದಾಳಿಯ ಸ್ಥಳದಲ್ಲಿ ಸಿಕ್ಕಿದ್ದ ಬೆರಳಚ್ಚು. ಬಂಧನದ ವೇಳೆ ಕಾರಿನಲ್ಲಿ ಸಿಕ್ಕ ರೈಫಲ್ ಟಕೋಮಾ ನಗರದ ಬಂದೂಕಿನಂಗಡಿಯೊಂದಕ್ಕೆ ಸೇರಿದ್ದು, ಆದರೆ ಅದನ್ನು ಯಾರಿಗೂ ಮಾರಿದ ದಾಖಲೆ ಅಲ್ಲಿರಲಿಲ್ಲ. ಲೆಕ್ಕ ನೋಡಿದಾಗ ಆ ಅಂಗಡಿಯಿಂದ 200ಕ್ಕೂ ಹೆಚ್ಚು ಬಂದೂಕುಗಳು ಕಾಣೆಯಾಗಿದ್ದವು. ಈ ಹತ್ಯೆಗಳ ನಂತರ ಎಲ್ಲ ಬಂದೂಕುಗಳ ಗುರುತಿನ ಸಂಗ್ರಹ ಬೇಕೆಂಬ ಕೂಗು ಜೋರಾಯಿತು. ಅಂಥ ಸಂಗ್ರಹ ಇದ್ದಿದ್ದರೂ ಅದು ತೋರಿಸುತ್ತಿದ್ದುದು ಆ ಅಂಗಡಿಯ ಬಾಗಿಲನ್ನು ಮಾತ್ರ. ನನ್ನನ್ನು ಕಾಡುವುದು ಆ 200 ಬಂದೂಕುಗಳ ವಿಷಯ. ಅಷ್ಟು ಬಂದೂಕುಗಳು ಕಾಣೆಯಾಗುವವರೆಗೆ ಯಾರೂ ಎಣಿಸಿ ನೋಡಲಿಲ್ಲವಲ್ಲ!

ಸಂಖ್ಯೆಯ ಜಾಡು

ಗೀರಿಗಿಂತ ಸರಳವಾದ ಗುರುತು ಬಂದೂಕಿನ ಸರಣಿ ಸಂಖ್ಯೆ. ಅಮೆರಿಕದಲ್ಲಿ 1968ರ ಕಾನೂನು ಎಲ್ಲ ಹೊಸ ಬಂದೂಕುಗಳಿಗೂ ಅದನ್ನು ಕಡ್ಡಾಯ ಮಾಡಿತು. ಆದರೆ ಮೆಷಿನ್ ಗನ್‌ನಂಥ ಕೆಲವು ಬಗೆಗಳನ್ನು ಬಿಟ್ಟರೆ ಅಲ್ಲಿ ರಾಷ್ಟ್ರಮಟ್ಟದ ನೋಂದಣಿ ಇಲ್ಲ, ಅಂಥದ್ದನ್ನು ಕಟ್ಟಬಾರದೆಂದು 1986ರ ಕಾನೂನೇ ಹೇಳುತ್ತದೆ. ಹೀಗಾಗಿ ಅಪರಾಧದಲ್ಲಿ ಬಂದೂಕು ಸಿಕ್ಕಾಗ ಪಶ್ಚಿಮ ವರ್ಜೀನಿಯಾದ ಮಾರ್ಟಿನ್ಸ್‌ಬರ್ಗ್‌ನಲ್ಲಿರುವ ಎಟಿಎಫ್ ಕೇಂದ್ರದವರು ತಯಾರಕರನ್ನು ಕೇಳುತ್ತಾರೆ, ಅವರು ಹೇಳಿದ ಸಗಟು ವ್ಯಾಪಾರಿಯನ್ನು ಕೇಳುತ್ತಾರೆ, ಅಲ್ಲಿಂದ ಅಂಗಡಿಯನ್ನು. ಅಂಗಡಿ ಮುಚ್ಚಿಹೋಗಿದ್ದರೆ ಅದರ ಹಳೆಯ ಪುಸ್ತಕಗಳು ಇದೇ ಕೇಂದ್ರಕ್ಕೆ ಬಂದಿರುತ್ತವೆ. ಅವನ್ನು ಸ್ಕ್ಯಾನ್ ಮಾಡಿ ಇಟ್ಟಿದ್ದಾರೆ, ಆದರೆ ಹೆಸರು ಹಾಕಿ ಹುಡುಕುವ ಹಾಗಿಲ್ಲ. ಸಿಬ್ಬಂದಿ ಒಂದೊಂದೇ ಪುಟ ತಿರುವಿ ಸಂಖ್ಯೆ ಹುಡುಕುತ್ತಾರೆ. ಇಷ್ಟೆಲ್ಲ ಮಾಡಿ ಸಿಗುವುದು ಅಂಗಡಿಯಿಂದ ಮೊದಲು ಕೊಂಡವರ ಹೆಸರು. ಅವರಿಂದ ಮುಂದೆ ಬಂದೂಕು ಎಷ್ಟು ಕೈ ಬದಲಾಯಿತೋ ಆ ದಾಖಲೆಯಲ್ಲಿ ಇರುವುದಿಲ್ಲ.

ಉಜ್ಜಿ ಅಳಿಸಿದ ಸಂಖ್ಯೆಯನ್ನೂ ಎಷ್ಟೋ ಸಲ ಮರಳಿ ಪಡೆಯಬಹುದು. ಉಕ್ಕಿನ ಮೇಲೆ ಅಂಕಿಯನ್ನು ಅಚ್ಚೊತ್ತಿದಾಗ ಅದರ ಕೆಳಗಿನ ಲೋಹವೂ ಹಿಸುಕಿಕೊಂಡಿರುತ್ತದೆ. ಮೇಲಿನ ಅಂಕಿ ಮಾಯವಾದರೂ ಆ ಹಿಸುಕಿದ ಪದರ ಉಳಿದಿರುತ್ತದೆ. ತಜ್ಞರು ಮೇಲ್ಮೈಯನ್ನು ಕನ್ನಡಿಯಂತೆ ನಯಮಾಡಿ, ತಾಮ್ರದ ಕ್ಲೋರೈಡ್ ಬೆರೆಸಿದ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಹತ್ತಿ ಅದ್ದಿ ಮೆಲ್ಲಗೆ ಒರೆಸುತ್ತಾರೆ. ಹಿಸುಕಿದ ಲೋಹವೂ ಹಾಗೇ ಇರುವ ಲೋಹವೂ ಬೇರೆ ಬೇರೆ ವೇಗದಲ್ಲಿ ಕರಗುವುದರಿಂದ ಅಂಕಿಗಳು ಮಸುಕಾಗಿ ಎದ್ದುಬರುತ್ತವೆ. ಒಂದೊಂದು ಅಂಕಿ ಒಂದೊಂದು ಹೊತ್ತಿಗೆ ಕಂಡು ಮತ್ತೆ ಮರೆಯಾಗಬಹುದು, ಅದಕ್ಕೇ ಕ್ಯಾಮೆರಾ ಸಿದ್ಧವಿಟ್ಟುಕೊಂಡು, ಕಂಡದ್ದನ್ನು ಕಂಡಕೂಡಲೇ ಬರೆದುಕೊಳ್ಳುತ್ತಾರೆ.

ನೋಂದಣಿಯಿಂದ ಏನು ಕೇಳಬೇಕು

ಅಪರಾಧಿಗಳು ತಮ್ಮ ಬಂದೂಕನ್ನು ನೋಂದಾಯಿಸುವುದಿಲ್ಲ ಎಂಬುದು ನೋಂದಣಿಯ ವಿರುದ್ಧ ಹೆಚ್ಚು ಕೇಳಿಬರುವ ಮಾತು. ಅದು ನಿಜ. 1968ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹೇನ್ಸ್ ಪ್ರಕರಣದಲ್ಲಿ, ಬಂದೂಕು ಇಟ್ಟುಕೊಳ್ಳುವುದೇ ಅಪರಾಧವಾಗಿರುವ ವ್ಯಕ್ತಿಗೆ ನೋಂದಾಯಿಸು ಎಂದು ಹೇಳುವುದು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಲು ಒತ್ತಾಯಿಸಿದಂತೆ ಎಂದಿತು. ಆಮೇಲೆ ಸಂಸತ್ತು ಕಾನೂನನ್ನು ತಿದ್ದಬೇಕಾಯಿತು. ಆದರೆ ಈ ವಾದ ಒಂದು ಸಂಗತಿಯನ್ನು ಮರೆಯುತ್ತದೆ. ಅಪರಾಧಿಯ ಕೈಯಲ್ಲಿರುವ ಕಾರ್ಖಾನೆಯ ಬಂದೂಕು ಹುಟ್ಟುವಾಗ ಕಾನೂನುಬದ್ಧವಾಗಿಯೇ ಹುಟ್ಟಿದ್ದು. ಎಲ್ಲೋ ಒಂದು ಕಡೆ ಅದು ಸಕ್ರಮದಿಂದ ಅಕ್ರಮಕ್ಕೆ ದಾಟಿದೆ. ಕಳುವಾಗಿರಬಹುದು, ಇನ್ನೊಬ್ಬರ ಪರವಾಗಿ ಬೇನಾಮಿಯಾಗಿ ಕೊಂಡದ್ದಿರಬಹುದು, ಅಂಗಡಿಯ ಹಿಂಬಾಗಿಲಿನಿಂದ ಹೋಗಿರಬಹುದು. ನೋಂದಣಿಯ ಕೆಲಸ ಆ ದಾಟುವ ಜಾಗದಲ್ಲಿ.

ತನ್ನ ಹೆಸರಿನಲ್ಲಿ ದಾಖಲಾದ ಬಂದೂಕು ಎಲ್ಲಿ ಎಂದು ಯಾವತ್ತಾದರೂ ಕೇಳಿಯಾರು ಎಂಬ ಭಯವಿದ್ದರೆ ಬೇನಾಮಿ ಖರೀದಿ ಮಾಡುವವರು ಹಿಂಜರಿಯುತ್ತಾರೆ. ಕೈ ಬದಲಾವಣೆಯನ್ನೂ ಕಳವನ್ನೂ ವರದಿ ಮಾಡುವುದು ಕಡ್ಡಾಯವಾಗಿದ್ದರೆ "ಎಲ್ಲೋ ಕಳೆದುಹೋಯಿತು" ಎಂಬ ನೆಪ ಎರಡನೆಯ ಸಲ ನಡೆಯುವುದಿಲ್ಲ. ಎಟಿಎಫ್ 2000ದಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಜಾಡು ಹಿಡಿದ ಅಪರಾಧದ ಬಂದೂಕುಗಳಲ್ಲಿ ಸುಮಾರು 57%ರ ಮೂಲ ಬರೀ 1.2% ವ್ಯಾಪಾರಿಗಳು. ಹೆಚ್ಚು ಮಾರುವವರಿಗೆ ಹೆಚ್ಚು ಜಾಡು ತಾಗುವುದು ಸಹಜ, ಅದನ್ನು ಕಳೆದು ನೋಡಬೇಕು. ಆದರೂ ಎಲ್ಲಿ ನೋಡಬೇಕೆಂದು ತೋರಿಸುವ ಸಂಖ್ಯೆಯದು. ಮಾರಾಟವಾಗಿ ಕೆಲವೇ ತಿಂಗಳಲ್ಲಿ ಅಪರಾಧದಲ್ಲಿ ಸಿಗುವ ಬಂದೂಕುಗಳು ಒಂದೇ ಅಂಗಡಿಯಿಂದ ಪದೇ ಪದೇ ಬರುತ್ತಿದ್ದರೆ ಅಲ್ಲಿ ಕಳ್ಳಸಾಗಣೆಯ ವಾಸನೆ ಇದೆ ಎಂದರ್ಥ. ಇಂಥ ಚಿತ್ರ ಮೂಡುವುದು ದಾಖಲೆಗಳಿಂದ ಮಾತ್ರ.

ಇನ್ನೊಂದು ಉಪಯೋಗ, ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು, ಕೊಲೆಯ ನಂತರದ್ದಲ್ಲ, ಮೊದಲಿನದು. ಹೆಂಡತಿಗೆ ಹೊಡೆದು ಬೆದರಿಸಿದವನಿಂದ ಬಂದೂಕು ಕಿತ್ತುಕೊಳ್ಳಿ ಎಂದು ನ್ಯಾಯಾಲಯ ಆದೇಶಿಸುತ್ತದೆ ಎಂದುಕೊಳ್ಳಿ. ಅವನ ಬಳಿ ಎಷ್ಟು ಬಂದೂಕುಗಳಿವೆ? ದಾಖಲೆ ಇಲ್ಲದಿದ್ದರೆ ಅವನು ಕೊಟ್ಟಷ್ಟೇ ಲೆಕ್ಕ. ಕ್ಯಾಲಿಫೋರ್ನಿಯಾದಲ್ಲಿ ಬಂದೂಕು ಮಾರಾಟದ ದಾಖಲೆಯನ್ನು ಶಿಕ್ಷೆ ಮತ್ತು ನಿರ್ಬಂಧದ ದಾಖಲೆಗಳ ಜೊತೆ ತಾಳೆ ನೋಡಿ, ಇಟ್ಟುಕೊಳ್ಳುವ ಹಕ್ಕು ಕಳೆದುಕೊಂಡವರ ಪಟ್ಟಿ ಮಾಡುವ ವ್ಯವಸ್ಥೆ ಇದೆ. ಪಟ್ಟಿ ಬೆಳೆದಷ್ಟು ವೇಗವಾಗಿ ಮನೆಗೆ ಹೋಗಿ ವಶಪಡಿಸಿಕೊಳ್ಳುವ ಸಿಬ್ಬಂದಿ ಇಲ್ಲದೆ ಸಾವಿರಾರು ಹೆಸರುಗಳು ಬಾಕಿ ಉಳಿಯುತ್ತವೆ. ದಾಖಲೆ ಇದ್ದರೆ ಸಾಲದು, ಅದನ್ನು ಹಿಡಿದು ಹೊರಡುವ ಜನ ಬೇಕು.

ನೋಂದಣಿಯನ್ನು ಕೆಟ್ಟದಾಗಿ ನಡೆಸಿದರೆ ಏನಾಗುತ್ತದೆಂದು ಕೆನಡಾ ತೋರಿಸಿಕೊಟ್ಟಿದೆ. 1989ರ ಡಿಸೆಂಬರ್ 6ರಂದು ಮಾಂಟ್ರಿಯಲ್‌ನ ಎಂಜಿನಿಯರಿಂಗ್ ಕಾಲೇಜಿನಲ್ಲಿ 14 ಮಹಿಳೆಯರ ಹತ್ಯೆಯಾದ ಮೇಲೆ ಎದ್ದ ಒತ್ತಾಯದಿಂದ 1995ರಲ್ಲಿ ರೈಫಲ್ ಮತ್ತು ಚರೆ ಬಂದೂಕುಗಳಿಗೂ ನೋಂದಣಿ ಕಡ್ಡಾಯ ಮಾಡುವ ಕಾನೂನು ಬಂತು. ಕೈಬಂದೂಕುಗಳಿಗೆ 1934ರಿಂದಲೇ ಇತ್ತು. ಶುಲ್ಕ ಕಳೆದು ಸರ್ಕಾರಕ್ಕೆ ಬೀಳುವ ಖರ್ಚು 20 ಲಕ್ಷ ಕೆನಡಿಯನ್ ಡಾಲರ್ ಎಂದಿದ್ದರು. 2002ರಲ್ಲಿ ಅಲ್ಲಿನ ಮಹಾಲೇಖಪಾಲೆ, ಇಡೀ ಕಾರ್ಯಕ್ರಮದ ವೆಚ್ಚ ಕೆಲವೇ ವರ್ಷಗಳಲ್ಲಿ 100 ಕೋಟಿ ದಾಟಲಿದೆ ಎಂದು ವರದಿ ಕೊಟ್ಟರು. ಯೋಜನೆಯ ಮಾನ ಅಲ್ಲಿಗೇ ಹೋಯಿತು. ಪೊಲೀಸರು ದಾಖಲೆ ಬೇಕೆಂದರೂ 2012ರಲ್ಲಿ ಸರ್ಕಾರ ರೈಫಲ್‌ಗಳ ನೋಂದಣಿಯನ್ನು ರದ್ದುಮಾಡಿತು. ಕ್ವಿಬೆಕ್ ಪ್ರಾಂತ 2018ರಲ್ಲಿ ತನ್ನದೇ ನೋಂದಣಿ ಆರಂಭಿಸಿತು.

ನ್ಯೂಜಿಲೆಂಡ್ ಹೋಗಿಬಂದ ದಾರಿ ಇನ್ನೂ ಉದ್ದ. 1920ರಲ್ಲಿ ಶುರುವಾದ ನೋಂದಣಿಯ ಪುಸ್ತಕಗಳು ತಪ್ಪುಗಳಿಂದ ತುಂಬಿವೆ ಎಂದು ಪೊಲೀಸರೇ ಕಂಡುಕೊಂಡ ಮೇಲೆ, 1983ರಲ್ಲಿ ರೈಫಲ್‌ಗಳ ನೋಂದಣಿ ಬಿಟ್ಟು ವ್ಯಕ್ತಿಗೆ ಪರವಾನಗಿ ಕೊಡುವ ಪದ್ಧತಿ ತಂದರು. ಒಳ್ಳೆಯವರೆಂದು ಒಮ್ಮೆ ಪರವಾನಗಿ ಪಡೆದವರು ಆಮೇಲೆ ಎಷ್ಟು ಬಂದೂಕು ಕೂಡಿಸಿಟ್ಟರೂ ಲೆಕ್ಕವಿಲ್ಲದಂತಾಯಿತು. 2019ರ ಮಾರ್ಚ್ 15ರಂದು ಕ್ರೈಸ್ಟ್‌ಚರ್ಚ್ ಮಸೀದಿಗಳಲ್ಲಿ 51 ಜನರನ್ನು ಕೊಂದವನ ಬಳಿ ಪರವಾನಗಿ ಇತ್ತು. 2023ರ ಜೂನ್‌ನಲ್ಲಿ ಅಲ್ಲಿ ಮತ್ತೆ ನೋಂದಣಿ ಆರಂಭವಾಗಿದೆ, ಐದು ವರ್ಷಗಳಲ್ಲಿ ಎಲ್ಲರೂ ದಾಖಲಿಸಬೇಕು.

ಇದರಿಂದ ಅಪರಾಧ ಎಷ್ಟು ಇಳಿಯುತ್ತದೆ ಎಂದು ಒಂದು ಸಂಖ್ಯೆ ಹೇಳುವುದು ಕಷ್ಟ. ನೋಂದಣಿ ಒಂಟಿಯಾಗಿ ಬರುವುದೇ ಇಲ್ಲ. ಆಸ್ಟ್ರೇಲಿಯಾದಲ್ಲಿ 1996ರ ಪೋರ್ಟ್ ಆರ್ಥರ್ ಹತ್ಯಾಕಾಂಡದಲ್ಲಿ 35 ಜನ ಸತ್ತ ನಂತರ ಪರವಾನಗಿ, ನೋಂದಣಿ, ಕೆಲವು ಬಗೆಯ ಬಂದೂಕುಗಳ ನಿಷೇಧ, ಸುಮಾರು 6.5 ಲಕ್ಷ ಬಂದೂಕುಗಳ ಮರುಖರೀದಿ ಎಲ್ಲ ಒಟ್ಟಿಗೆ ಬಂದವು. ಬಂದೂಕಿನ ಸಾವುಗಳು ಇಳಿದವು, ಅದರಲ್ಲಿ ನೋಂದಣಿಯ ಪಾಲೆಷ್ಟು ಎಂದು ಬಿಡಿಸಿ ಹೇಳಲಾಗದು. ಅಮೆರಿಕದ ಕನೆಕ್ಟಿಕಟ್ 1995ರಲ್ಲಿ ಕೈಬಂದೂಕು ಕೊಳ್ಳಲು ಪರವಾನಗಿ ಕಡ್ಡಾಯ ಮಾಡಿತು, ಮಿಸೌರಿ 2007ರಲ್ಲಿ ಇದ್ದ ಪರವಾನಗಿ ಪದ್ಧತಿಯನ್ನು ತೆಗೆದುಹಾಕಿತು. ಮೊದಲನೆಯದರ ಜೊತೆ ಬಂದೂಕಿನ ಕೊಲೆಗಳ ಇಳಿಕೆಯನ್ನೂ ಎರಡನೆಯದರ ಜೊತೆ ಏರಿಕೆಯನ್ನೂ ಸಂಶೋಧಕರು ಗುರುತಿಸಿದ್ದಾರೆ. ಇವು ಕೊಳ್ಳುವವರನ್ನು ಮೊದಲೇ ಜರಡಿ ಹಿಡಿಯುವ ಕಾನೂನುಗಳು, ಬರೀ ನೋಂದಣಿಯಲ್ಲ. ಈ ಎರಡನ್ನು ಬೇರೆ ಬೇರೆಯಾಗಿ ನೋಡದೆ ವಾದಿಸುವುದರಿಂದಲೇ ಅರ್ಧ ಗೊಂದಲ. ನೆರೆಯ ದೇಶದಿಂದ ಬಂದೂಕುಗಳು ಹರಿದುಬರುತ್ತಿದ್ದರಂತೂ ಒಳಗಿನ ದಾಖಲೆ ಎಷ್ಟು ಅಚ್ಚುಕಟ್ಟಾಗಿದ್ದರೂ ಸಾಲದು. ಟೊರಾಂಟೊ ಪೊಲೀಸರಿಗೆ ಸಿಗುವ ಅಪರಾಧದ ಕೈಬಂದೂಕುಗಳಲ್ಲಿ ಹೆಚ್ಚಿನವು ಅಮೆರಿಕದಿಂದ ಕಳ್ಳದಾರಿಯಲ್ಲಿ ಬಂದವು.

ಸಂಖ್ಯೆಯೇ ಇಲ್ಲದ ಬಂದೂಕುಗಳು ಈಗ ಹೊಸ ತಲೆನೋವು. ಬಿಡಿಭಾಗಗಳ ಕಿಟ್ ತರಿಸಿ ಮನೆಯಲ್ಲೇ ಜೋಡಿಸುವ ಇವನ್ನು ಅಮೆರಿಕದಲ್ಲಿ ಘೋಸ್ಟ್ ಗನ್ ಎನ್ನುತ್ತಾರೆ. ಇಂಥ ಕಿಟ್‌ಗಳಿಗೂ ಸರಣಿ ಸಂಖ್ಯೆ ಇರಬೇಕು, ಕೊಳ್ಳುವವರ ಹಿನ್ನೆಲೆ ಪರಿಶೀಲಿಸಬೇಕು ಎಂದು ಎಟಿಎಫ್ 2022ರಲ್ಲಿ ನಿಯಮ ತಂದಿತು, ಸುಪ್ರೀಂ ಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿಯಿತು. ಆದರೆ ಮನೆಯ 3ಡಿ ಪ್ರಿಂಟರಿನಲ್ಲಿ ಗುಟ್ಟಾಗಿ ಮಾಡಿದ್ದಕ್ಕೆ ಸಂಖ್ಯೆ ಹಾಕುವವರಾರು? ಅಂಥ ಬಂದೂಕಿನ ವಿಷಯದಲ್ಲಿ ನೋಂದಣಿ ಪುಸ್ತಕಕ್ಕೆ ಹೇಳಲು ಏನೂ ಇಲ್ಲ. ಅದರ ಚೌಕಟ್ಟು ಪ್ಲಾಸ್ಟಿಕ್ಕಿನದಾದರೂ ಸಾಮಾನ್ಯವಾಗಿ ಫೈರಿಂಗ್ ಪಿನ್ ಉಕ್ಕಿನದೇ, ತೋಟಾದ ಕೇಸ್ ಹಿತ್ತಾಳೆಯದೇ. ಮೊದಲ ಸ್ಥಳದಲ್ಲಿ ಬಿದ್ದ ಕೇಸ್ ಎರಡನೆಯ ಸ್ಥಳದ ಕೇಸಿನ ಪಕ್ಕ ಸೂಕ್ಷ್ಮದರ್ಶಕದ ಕೆಳಗೆ ಕೂತರೆ ಎರಡು ಪ್ರಕರಣಗಳು ಆಗಲೂ ಒಂದಾಗುತ್ತವೆ. ಅದಕ್ಕೆ ಬೇಕಾದದ್ದು, ಯಾರಿಗೂ ಗಾಯವಾಗದ ಗುಂಡಿನ ಸದ್ದಿನ ದೂರಿಗೂ ಪೊಲೀಸರು ಹೋಗಿ ನೆಲದಲ್ಲಿ ಕೇಸ್ ಹುಡುಕುವುದು, ಸಿಕ್ಕದ್ದನ್ನು ತಿಂಗಳುಗಟ್ಟಲೆ ಪೆಟ್ಟಿಗೆಯಲ್ಲಿಡದೆ ದಿನಗಳೊಳಗೆ ಪ್ರಯೋಗಾಲಯಕ್ಕೆ ಕಳಿಸುವುದು.